ತವರಿನಿಂದ ತಂದ ಮೊಟ್ಟೆಗಳು

ಕಲ್ಯಾಣದುರ್ಗದಿಂದ ಬೆಳುಗುಪ್ಪದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿ ನನ್ನ ತವರು. ನಮ್ಮಪ್ಪ ಸಾಕಿದ ಜಾತಿ ಕೋಳಿಗಳಿಗೆ ಸುತ್ತಲಿನ ಊರುಗಳಲ್ಲೆಲ್ಲ ಹೆಸರಿತ್ತು. ಎತ್ತರದ ಕಾಲು, ಗಟ್ಟಿ ಎದೆ, ಕೆಂಡದಂಥ ಕಣ್ಣು. ಆ ಹುಂಜಗಳನ್ನು ನೋಡಲೆಂದೇ ಜನ ಬರುತ್ತಿದ್ದರು. ಬಂದವರು ಮರಿ ಕೇಳಿದರೆ ಅಪ್ಪ ನಗುತ್ತಾ ಬೇರೆ ಮಾತೆತ್ತುತ್ತಿದ್ದ.

ಆ ಕೋಳಿಗಳ ಹಿಂದೆ ಓಡಾಡಿ ಬೆಳೆದವಳು ನಾನು. ಅಣ್ಣನಿಗೆ ಹೊಲ, ಎತ್ತು ಅಂದರೆ ಇಷ್ಟ; ಕೋಳಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ತಳಿಗೆ ಯಾವುದನ್ನು ಉಳಿಸಬೇಕು, ಯಾವುದನ್ನು ಸಾರಿಗೆ ಕೊಡಬೇಕು ಎಂದು ಅಪ್ಪ ಹೇಳಿಕೊಟ್ಟದ್ದೆಲ್ಲ ನನಗೇ. "ಹುಂಜ ನೋಡಿ ಮರುಳಾಗಬ್ಯಾಡ ಕಣಮ್ಮ. ಅದರ ತಾಯಿ ಯಾವ್ದು ಅಂತ ಕೇಳು" ಅನ್ನುತ್ತಿದ್ದ. ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಮೇವಿಗೆ ಹೊರಟು ಸಂಜೆ ಎಲ್ಲಕ್ಕಿಂತ ಕೊನೆಗೆ ಗೂಡಿಗೆ ಬರುವ ಹೇಂಟೆ ಒಳ್ಳೆಯದು. ಹದ್ದು ಕಂಡಾಗ ಮರಿ ಬಿಟ್ಟು ಓಡುವಂಥದ್ದು ಎಷ್ಟು ಚೆಂದವಿದ್ದರೂ ಬೇಡ.

ಮದುವೆಯಾಗಿ ಹಿಂದೂಪುರಕ್ಕೆ ಬಂದೆ. ಯಜಮಾನರಿಗೆ ಬೆಲ್ಲದ ಮಂಡಿಯಲ್ಲಿ ಕೆಲಸ. ಮನೆಯ ಹಿಂದೆ ದೊಡ್ಡ ಹಿತ್ತಲು ಖಾಲಿ ಬಿದ್ದಿತ್ತು. ಅಪ್ಪ ತೀರಿಕೊಂಡ ಮೇಲೆ ಕೋಳಿಗಳು ಅಣ್ಣನ ಪಾಲಾದವು. ಒಂದೆರಡು ವರ್ಷ ಕಳೆದ ಮೇಲೆ, ಅಪ್ಪನ ತಳಿಯನ್ನು ನಾನೂ ಇಲ್ಲಿ ಸಾಕಬೇಕೆಂಬ ಆಸೆ ಹುಟ್ಟಿ ತವರಿಗೆ ಹೋದೆ.

ಎರಡು ದಿನ ಅಂಗಳದಲ್ಲಿ ಕೂತು ಕೋಳಿಗಳನ್ನು ನೋಡಿದೆ. ಒಂದು ಬೂದು ಹೇಂಟೆಯ ಮೇಲೆ ಮನಸ್ಸಾಯಿತು. ನೋಡಲು ಸಾಧಾರಣ; ಆದರೆ ಅದರ ಮರಿಗಳಲ್ಲಿ ಒಂದೂ ಸತ್ತಿಲ್ಲವೆಂದು ಅತ್ತಿಗೆ ಹೇಳಿದ್ದಳು. ಅದನ್ನೂ ಒಂದು ಹುಂಜವನ್ನೂ ಕೊಡು ಎಂದು ಅಣ್ಣನನ್ನು ಕೇಳಿದೆ.

"ಅಷ್ಟು ದೂರ ಬಸ್ಸಲ್ಲಿ ಜೀವ ಉಳಿಯಲ್ಲ ಕಣಮ್ಮ. ಮೊಟ್ಟೆ ತಗೊಂಡೋಗು, ಅಲ್ಲೇ ಕಾವಿಗೆ ಇಡು. ನಿಂಗೆ ಇಲ್ಲ ಅಂತೀನಾ?" ಅಂದ.

ಬೂದು ಹೇಂಟೆಯ ಮೊಟ್ಟೆಗಳಲ್ಲೇ ಹನ್ನೊಂದನ್ನು ಆರಿಸಿದೆ. ತೀರ ಚೂಪಾದದ್ದು, ತೀರ ದುಂಡಗಿನದ್ದು, ಚಿಪ್ಪು ಒರಟಾದದ್ದು ಬಿಟ್ಟೆ. ಹೊರಡುವ ದಿನ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅಣ್ಣನೇ ಅವನ್ನು ಹೊಟ್ಟು ತುಂಬಿದ ಬುಟ್ಟಿಯಲ್ಲಿಟ್ಟು, ಬಟ್ಟೆ ಕಟ್ಟಿ ಸಿದ್ಧ ಮಾಡಿದ್ದ. ಅಪ್ಪನ ಹಾಗೇ ಅಕ್ಕರೆ ಎಂದುಕೊಂಡು ಕಣ್ಣು ತುಂಬಿ ಬಂತು.

ಯುದ್ಧದ ಕಾಲ, ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು ಏರು ಬಂದಲ್ಲೆಲ್ಲ ನಿಲ್ಲುತ್ತಿತ್ತು. ಹಿಂದೂಪುರ ಸೇರಿ, ಎರವಲು ತಂದ ಹೇಂಟೆಯ ಕೆಳಗೆ ಮೊಟ್ಟೆಗಳನ್ನು ಕಾವಿಗಿಟ್ಟೆ. ಇಪ್ಪತ್ತೊಂದು ದಿನ ಕಳೆಯಿತು, ಇಪ್ಪತ್ತೈದೂ ಕಳೆಯಿತು. ಒಂದೂ ಒಡೆಯಲಿಲ್ಲ. ವಾಸನೆ ಬಂದದ್ದರಿಂದ ಒಡೆದು ನೋಡದೆ ಹೂತುಬಿಟ್ಟೆ. ಅಣ್ಣನಿಗೆ ಕಾಗದ ಬರೆಸಿದೆ. ಬಸ್ಸಿನ ಕುಲುಕಾಟಕ್ಕೆ ಕೆಟ್ಟಿರಬೇಕು, ಮತ್ತೆ ಬಾ ಎಂದು ಉತ್ತರ ಬಂತು.

ಮತ್ತೆ ಹೋದೆ. ಈ ಸಲವೂ ಅವನೇ ಬುಟ್ಟಿ ಕಟ್ಟಿಕೊಟ್ಟ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಮನೆಗೆ ಬಂದಾಗ ಪಕ್ಕದ ಮನೆಯ ತೆಲುಗು ಅಜ್ಜಿ ಕಾವಿಗೆ ಕೂತ ತನ್ನ ಹೇಂಟೆಯನ್ನು ತಂದುಕೊಟ್ಟಳು. ಮೊಟ್ಟೆ ಎತ್ತಿ ಇಡುವಾಗ ಒಂದು ನನ್ನ ಕೈ ಜಾರಿ ಬಿದ್ದು ಒಡೆಯಿತು. ಬಿಳಿ ಲೋಳೆ ಹರಿಯಲಿಲ್ಲ. ಚಿಪ್ಪಿನ ಒಳಗೋಡೆಗೆ ಹಾಲಿನ ಕೆನೆಯಂತೆ ಗಟ್ಟಿಯಾಗಿ ಅಂಟಿಕೊಂಡಿತ್ತು.

ಅಜ್ಜಿ ಬಗ್ಗಿ ನೋಡಿ, "ಇದಿ ಉಡಿಕಿನ ಗುಡ್ಡು ಕದಮ್ಮಾ!" ಅಂದಳು. ಬೆಂದ ಮೊಟ್ಟೆ. ಇನ್ನೊಂದು ಒಡೆದೆ, ಮತ್ತೊಂದು ಒಡೆದೆ. ಎಲ್ಲವೂ ಹಾಗೇ.

"ತಳಿ ಕೊಡಾಕೆ ಮನಸಿಲ್ದೋರು ಹಿಂಗೇ ಮಾಡಾದು. ಬಿಸ್ನೀರಲ್ಲಿ ಒಂದ್ಗಳಿಗೆ ಅದ್ದಿ ಕೊಟ್ಬುಡ್ತಾರೆ. ಯಾರಮ್ಮಾ ಕೊಟ್ಟಿದ್ದು?" ಎಂದು ಕೇಳಿದಳು.

ಸಂತೆಯಿಂದ ತಂದದ್ದು ಎಂದು ಸುಳ್ಳು ಹೇಳಿದೆ. ಅಣ್ಣನ ಹೆಸರು ಹೇಳಲು ನಾಚಿಕೆಯಾಯಿತು.

ಮುಂದಿನ ವಾರವೇ ತವರಿಗೆ ಹೋದೆ. ಅಣ್ಣ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ನನ್ನ ಮುಖ ನೋಡಿ ಅತ್ತಿಗೆ ಒಳಗೆ ಹೋದಳು. ನಾನು ಕೂಗಾಡಲಿಲ್ಲ.

"ಕೊಡಲ್ಲ ಅಂದಿದ್ರೆ ಸಾಕಿತ್ತಲ್ಲಣ್ಣ. ಎರಡ್ನೇ ಸಲ ಯಾಕೆ ಕರ್ಸ್ಕೊಂಡೆ?"

ಅವನ ಕೈ ನಿಂತಿತು. ಹಗ್ಗ ಪಕ್ಕಕ್ಕಿಟ್ಟು ಹೇಳಿದ: "ಅಪ್ಪ ಸಾಯೋ ಮುಂಚೆ ಮಾತು ತಗೊಂಡ ಕಣಮ್ಮ. ಕೊಟ್ಟ ಹೆಣ್ಣಿನ ಹಿಂದೆ ತಳಿ ಹೋಗಬಾರ್ದು ಅಂದ. ಅವಳು ಬಂದು ಕೇಳೇ ಕೇಳ್ತಾಳೆ, ಮೊಟ್ಟೆ ಅದ್ದಿ ಕೊಡು ಅಂತ ಅವನೇ ಹೇಳ್ಕೊಟ್ಟ. ನಿನ್ ಮುಖ ನೋಡಿ ಇಲ್ಲ ಅನ್ನಾಕೆ ನಂಗೆ ಬಾಯಿ ಬರ್ಲಿಲ್ಲ."

ಅಣ್ಣನ ಮೋಸವನ್ನು ಬಸ್ಸಿನಲ್ಲೇ ಅತ್ತು ಮುಗಿಸಿದ್ದೆ. ಅಪ್ಪನದು ಮಾತ್ರ ಎದೆಗೆ ಬಡಿಯಿತು. ಕೋಳಿ ಆರಿಸುವ ವಿದ್ಯೆಯನ್ನೆಲ್ಲ ನನಗೆ ಕೊಟ್ಟವನು, ಕೋಳಿ ಮಾತ್ರ ನನಗೆ ಸಿಗದ ಹಾಗೆ ನೋಡಿಕೊಂಡು ಹೋಗಿದ್ದ. ಅತ್ತಿಗೆ ತಂದಿಟ್ಟ ನೀರನ್ನೂ ಮುಟ್ಟದೆ ಹೊರಟೆ. ಆಮೇಲೆ ಕೆಲವು ವರ್ಷ ಆ ಹೊಸಿಲು ತುಳಿಯಲಿಲ್ಲ.

ಹಠ ಹಿಡಿದು ಚಿಲಮತ್ತೂರಿನ ಕಡೆಯ ಹಳ್ಳಿಗಳಲ್ಲಿ ಮನೆಮನೆ ತಿರುಗಿದೆ. ಒಬ್ಬಾಕೆಯ ಅಂಗಳದಲ್ಲಿ ಮೂರು ದಿನ ಬಿಟ್ಟು ಬಿಟ್ಟು ಹೋಗಿ ನೋಡಿ, ಎರಡು ಹೇಂಟೆ ಆರಿಸಿದೆ. ಹುಂಜವನ್ನು ಬೇರೆ ಊರಿನಿಂದ ತಂದೆ. ಅಪ್ಪನ ಕೋಳಿಗಳ ಎತ್ತರ ಇವಕ್ಕೆ ಬರಲಿಲ್ಲ. ಆದರೂ ಹಿತ್ತಲು ತುಂಬಿತು, ಮರಿ ಕೇಳಿಕೊಂಡು ಜನ ಬರತೊಡಗಿದರು. ಅಪ್ಪ ಹೇಳಿಕೊಟ್ಟ ಕಣ್ಣಿನಿಂದಲೇ ಆರಿಸುತ್ತಿದ್ದೆ. ಅದು ನೆನಪಾದಾಗಲೆಲ್ಲ ಸಿಟ್ಟೇ ಬರುತ್ತಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಅಣ್ಣ ಹೇಳದೆ ಕೇಳದೆ ಬಂದ. ಬಹಳ ಸೊರಗಿದ್ದ. ಊರಿಗೆ ಕೊಕ್ಕರೆ ರೋಗ ಬಂದು ವಾರದೊಳಗೆ ಕೋಳಿಗಳೆಲ್ಲ ಕತ್ತು ತಿರುಚಿಕೊಂಡು ಸತ್ತವೆಂದ. ಅಪ್ಪನ ತಳಿಯದು ಒಂದು ಪಿಳ್ಳೆಯೂ ಉಳಿದಿರಲಿಲ್ಲ.

ನಾನು ಇಟ್ಟ ಮುದ್ದೆಗೆ ಕೈ ಹಾಕದೆ ಹಿತ್ತಲನ್ನೇ ನೋಡುತ್ತಾ ಕೂತಿದ್ದ. ಕೊನೆಗೆ ಕೇಳಿದ: "ಆ ಮೊಟ್ಟೇಲಿ... ಒಂದಾದ್ರೂ ಮರಿ ಆಗಿತ್ತೇನಮ್ಮ? ಸರಿಯಾಗಿ ಅದ್ದಿರದೆ ಒಂದಾದ್ರೂ ಉಳಿದಿತ್ತಾ?"

"ಇಲ್ಲಣ್ಣ. ನೀನು ಚೆನ್ನಾಗೇ ಅದ್ದಿದ್ದೆ" ಅಂದೆ.

ಅವನು ತಲೆ ತಗ್ಗಿಸಿ ಎರಡು ತುತ್ತು ಉಂಡ. ನನ್ನ ಕೋಳಿಗಳನ್ನು ಅವನು ಕೇಳಲಿಲ್ಲ; ತಗೊಂಡು ಹೋಗು ಎಂದು ನಾನೂ ಹೇಳಲಿಲ್ಲ. ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟು ಬಂದು, ಅವನ ತಟ್ಟೆ ತೊಳೆಯುತ್ತಾ ಅಪ್ಪನಿಗಾಗಿ ಮೊದಲ ಸಲ ಜೋರಾಗಿ ಅತ್ತೆ.