ನಾನು ಯಂತ್ರವಾಗಿದ್ದ ಬೇಸಿಗೆ

ಬೆಳ್ತಂಗಡಿಯ ಶಾಲೆಗೆ ಗಣಿತ ಕಲಿಸಲು ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಅರುವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಲ್ಲಿನ ಹಿರಿಯ ಗಣಿತ ಮಾಸ್ತರರು ಅಂಚೆಯಲ್ಲಿ ಒಂದು ಇಂಗ್ಲಿಷ್ ವಿಜ್ಞಾನ ಪತ್ರಿಕೆ ತರಿಸುತ್ತಿದ್ದರು. ಬೇಸಿಗೆ ರಜೆಯ ಮೊದಲ ದಿನ ಅದರ ಒಂದು ಪುಟ ತೆರೆದು ನನ್ನ ಮುಂದಿಟ್ಟರು. ದೂರದ ಯಾವುದೋ ದೇಶದಲ್ಲಿ ಲೆಕ್ಕದ ಯಂತ್ರವೊಂದು ಚದುರಂಗ ಆಡುತ್ತದಂತೆ. ಒಳ್ಳೆಯ ನಡೆಯನ್ನು ಅದು ಹೇಗೆ ಹುಡುಕುತ್ತದೆಂದು ಅರ್ಧ ಪುಟದಲ್ಲಿ ವಿವರಿಸಿದ್ದರು.

“ಇದು ಸರಿ ಉಂಟಾ ಅಂತ ನಾವೇ ನೋಡುವ,” ಎಂದರು.

“ಯಂತ್ರ ಎಲ್ಲುಂಟು ಸಾರ್?”

“ನೀವೇ ಯಂತ್ರ. ಆದ್ರೆ ಸ್ವಂತ ಯೋಚನೆ ಮಾಡ್ಲಿಕ್ಕಿಲ್ಲ. ನಿಯಮ ಹೇಳಿದಷ್ಟೇ.”

ನಿಯಮ ಸರಳವಾಗಿತ್ತು. ನನ್ನಿಂದ ಸಾಧ್ಯವಾದ ಪ್ರತಿಯೊಂದು ನಡೆಯನ್ನೂ ಬರೆಯಬೇಕು. ಅದರ ಕೆಳಗೆ ಎದುರಾಳಿ ಕೊಡಬಹುದಾದ ಎಲ್ಲ ಉತ್ತರಗಳನ್ನೂ ಬರೆಯಬೇಕು. ಕಾಲಾಳಿಗೆ ಒಂದು, ಕುದುರೆಗೂ ಒಂಟೆಗೂ ಮೂರು, ಆನೆಗೆ ಐದು, ಮಂತ್ರಿಗೆ ಒಂಬತ್ತು ಎಂದು ಅಂಕ ಕೂಡಿಸಿ, ಎದುರಾಳಿ ಎಷ್ಟೇ ಚೆನ್ನಾಗಿ ಉತ್ತರಿಸಿದರೂ ನನಗೆ ಹೆಚ್ಚು ಉಳಿಸುವ ನಡೆಯನ್ನು ಆರಿಸಬೇಕು.

ನಾನು ಅವರ ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದೆ. ಊಟವಾದ ಮೇಲೆ ಅವರ ಜಗಲಿಯಲ್ಲಿ ಹಳೆಯ ಉತ್ತರಪತ್ರಿಕೆಗಳ ಬೆನ್ನ ಮೇಲೆ ಬರೆಯುತ್ತ ಕೂರುತ್ತಿದ್ದೆ. ಆ ಮಧ್ಯಾಹ್ನಗಳೆಲ್ಲ ಈಗ ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ನೆನಪಿವೆ. ಬಿಸಿಲು ಹಂಚಿನ ಸಂದಿನಿಂದ ಕಾಗದದ ಮೇಲೆ ಇಳಿದು ಮೆಲ್ಲಗೆ ಸರಿಯುತ್ತಿತ್ತು. ಯಾರೂ ಆಡದ ಆಟಗಳು ಕಣ್ಣೆದುರು ನಡೆದು ಮುಗಿಯುತ್ತಿದ್ದವು. ಒಂದರಲ್ಲಿ ಸತ್ತ ಕುದುರೆ ಮುಂದಿನ ಸಾಲಿನಲ್ಲಿ ಬದುಕಿ ನಿಂತಿರುತ್ತಿತ್ತು. ತೂಕಡಿಕೆ ಬಂದಾಗ ಬರೆದದ್ದೆಷ್ಟು, ಕಂಡದ್ದೆಷ್ಟು ಎಂದು ತಿಳಿಯುತ್ತಿರಲಿಲ್ಲ.

ಹಾಗೆ ತೂಕಡಿಸುತ್ತಲೇ ಒಂದು ದಿನ ನಾನು ನಿಯಮ ಮೀರಿದೆ. ಆಗಲೇ ಒಂದು ನಡೆಯಿಂದ ನಷ್ಟವಿಲ್ಲವೆಂದು ಲೆಕ್ಕವಾಗಿತ್ತು. ಮುಂದಿನ ನಡೆಗೆ ಬರೆದ ಮೊದಲ ಉತ್ತರದಲ್ಲೇ ನನ್ನ ಆನೆ ಹೋಯಿತು. ಇನ್ನುಳಿದ ಉತ್ತರಗಳನ್ನು ಬರೆದು ಏನು ಬಂತು? ಈ ನಡೆ ಇನ್ನೂ ಕೆಡಬಹುದೇ ಹೊರತು ಸುಧಾರಿಸದು. ಅಲ್ಲಿಗೇ ಗೆರೆ ಎಳೆದು ಮುಂದೆ ಹೋದೆ. ಇಡೀ ಮಧ್ಯಾಹ್ನ ಹಿಡಿಯುತ್ತಿದ್ದ ಕೆಲಸ ಅಂದು ಗಂಟೆಯೊಳಗೆ ಮುಗಿಯಿತು.

ಮನಸ್ಸು ಕುಟುಕಿತು. ಸಂಜೆ ಹೋಗಿ ಒಪ್ಪಿಕೊಂಡೆ. ಮಾಸ್ತರರು ಬೈಯಲಿಲ್ಲ. ನಾನು ಬಿಟ್ಟ ಸಾಲುಗಳನ್ನೆಲ್ಲ ಮೂರು ದಿನ ಕೂತು ತಾವೇ ಬರೆದರು. ಬೇರೆ ನಾಲ್ಕು ಆಟಗಳನ್ನೂ ಸಾಲು ಬಿಟ್ಟು ಒಮ್ಮೆ, ಬಿಡದೆ ಒಮ್ಮೆ ಪರೀಕ್ಷಿಸಿದರು. ಪ್ರತಿ ಸಲವೂ ಅದೇ ನಡೆ ಬಂತು. ಕನ್ನಡಕ ತೆಗೆದು ಒರೆಸುತ್ತ, “ನೀವು ಬಿಟ್ಟದ್ದು ಸರಿ. ಇನ್ನು ಬಿಟ್ಟೇ ಮಾಡುವ,” ಎಂದರು. ಅಷ್ಟೇ ಹೇಳಿದ್ದು. ಮನೆಗೆ ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಬಂಟ್ವಾಳದ ಬಟ್ಟೆ ವ್ಯಾಪಾರಿ, ಬ್ಯಾರಿ ಮುಸ್ಲಿಮರೊಬ್ಬರು ಮಾಸ್ತರರ ಬಾಲ್ಯದ ಗೆಳೆಯರು, ಚದುರಂಗದಲ್ಲಿ ಗಟ್ಟಿಗರು. ಸಂತೆಗೆ ಬಂದವರನ್ನು ಮಾಸ್ತರರು ಜಗಲಿಗೆ ಕರೆತಂದು ನನ್ನೆದುರು ಕೂರಿಸಿದರು. ಕೆಲವೇ ಕಾಯಿಗಳಿದ್ದ, ಇಬ್ಬರಿಗೂ ಸಮನಾದ ಒಂದು ಆಟ ಜೋಡಿಸಿದರು. ನಾನು ಬರೆದು ಬರೆದು ಆಡಿದೆ. ಅವರು ಬೀಸಣಿಗೆ ಬೀಸುತ್ತ ತಾಳ್ಮೆಯಿಂದ ಕಾದರು. ಐದನೆಯ ನಡೆಗೆ ತಮ್ಮ ಆನೆಯನ್ನು ತಂದು ನನ್ನ ಒಂಟೆಯ ಬಾಯಿಗೇ ಇಟ್ಟರು.

ಅದು ಬಲೆಯೆಂದು ನನಗೆ ಕಂಡಿತು. ತೆಗೆದುಕೊಂಡರೆ ನನ್ನ ರಾಜನ ದಾರಿ ತೆರೆದುಕೊಳ್ಳುತ್ತದೆ. ಆದರೆ ಕಾಗದ ಅಷ್ಟು ದೂರ ನೋಡುತ್ತಿರಲಿಲ್ಲ. ಐದು ಅಂಕ ಲಾಭ ಎಂದಿತು. ನಾನು ಮಾಸ್ತರರ ಮುಖ ನೋಡಿದೆ.

“ಕಾಗದ ಎಂತ ಹೇಳ್ತದೆ?” ಎಂದರು.

“ತೆಗೀಬೇಕಂತೆ ಸಾರ್.”

“ಹಾಗಾದ್ರೆ ತೆಗೀರಿ.”

ಕೈ ಮುಂದೆ ಹೋಯಿತು. ಅದು ನನ್ನ ಕೈ ಎನಿಸಲೇ ಇಲ್ಲ. ನಿದ್ದೆಯಲ್ಲಿ ಯಾರೋ ನಡೆಸಿದ ಹಾಗಿತ್ತು. ಎರಡೇ ನಡೆಯಲ್ಲಿ ನನ್ನ ರಾಜ ಸಿಕ್ಕಿಬಿದ್ದ.

“ನಿಮ್ಮ ಯಂತ್ರಕ್ಕೆ ಆಸೆ ಜಾಸ್ತಿ ಟೀಚರ್,” ಎಂದು ವ್ಯಾಪಾರಿ ನನ್ನತ್ತ ನೋಡಿ ನಕ್ಕರು. “ಕೈಗೆ ಸಿಕ್ಕಿದ್ದು ಮಾತ್ರ ಕಾಣ್ತದೆ ಅದಕ್ಕೆ.”

ನನಗೆ ಅಳು ಬರುವಂತಾಗಿತ್ತು. ಮಾಸ್ತರರು ಮಾತ್ರ ಗೆದ್ದವರಂತೆ ಎದ್ದು ನಿಂತಿದ್ದರು. “ಎಲ್ಲಿ ತಪ್ಪುತ್ತದೆ ಅಂತ ಗೊತ್ತಾಯ್ತಲ್ಲ ಮಾರಾಯ್ರೆ! ಇನ್ನು ಎರಡು ನಡೆ ಮುಂದೆ ನೋಡುವ.”

ಅಷ್ಟು ದೂರ ನೋಡಲು ಮನೆಯಲ್ಲಿದ್ದ ಕಾಗದ ಸಾಲದಾಯಿತು. ಜೂನ್‌ನಲ್ಲಿ ಶಾಲೆ ತೆರೆಯಿತು, ಮಾಸ್ತರರಿಗೆ ಮೂಡಬಿದಿರೆಗೆ ವರ್ಗವಾಯಿತು.

ಕೆಲವು ವರ್ಷಗಳ ನಂತರ ಒಂದು ಪುಸ್ತಕದಲ್ಲಿ, ಲೆಕ್ಕ ಬೇಡದ ಸಾಲುಗಳನ್ನು ಬಿಟ್ಟುಬಿಡುವ ಅದೇ ಉಪಾಯವನ್ನು ಓದಿದೆ. ದೊಡ್ಡ ದೊಡ್ಡವರು ನಮಗಿಂತ ಮೊದಲೇ ಅದನ್ನು ಕಂಡುಹಿಡಿದಿದ್ದರು. ಬೇಸರವಾಯಿತೋ ಖುಷಿಯಾಯಿತೋ, ಇಂದಿಗೂ ಹೇಳಲಾರೆ. ಮರುದಿನವೇ ಬಸ್ಸು ಹತ್ತಿ ಮೂಡಬಿದಿರೆಗೆ ಹೋಗಿ ಮಾಸ್ತರರಿಗೆ ತೋರಿಸಿದೆ. ಅವರು ಆ ಪುಟವನ್ನು ಬೆರಳಿಟ್ಟು ನಿಧಾನವಾಗಿ ಎರಡು ಸಲ ಓದಿದರು.

“ಹೌದು,” ಎಂದರು. “ಅವರದ್ದೂ ಸರಿ ಉಂಟು.”