ಕೂಡಲಿ ಸುತ್ತಿ ತವರಿಗೆ

ಮದುವೆಯಾಗಿ ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿಗೆ ಬಂದ ಮೇಲೆ ನಾನು ಕೂತಲ್ಲಿ ಕೂರುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಎರಡು ಕೋಣೆಯ ಮನೆ. ಗಂಡನಿಗೆ ಕಾಗದದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಬೆಳಿಗ್ಗೆ ಹತ್ತಕ್ಕೆಲ್ಲ ಮನೆಕೆಲಸ ಮುಗಿದುಹೋಗುತ್ತಿತ್ತು. ಆಮೇಲೆ ಮುಂಬಾಗಿಲಿಂದ ಹಿತ್ತಲಿಗೆ, ಹಿತ್ತಲಿಂದ ಮುಂಬಾಗಿಲಿಗೆ ಓಡಾಟ. ಯಾರೋ ಕರೆದಂತೆ, ಎಲ್ಲೋ ಹೋಗುವುದಕ್ಕೆ ತಡವಾದಂತೆ ಕಾಲು ತುಡಿಯುತ್ತಿತ್ತು.

ನಾನು ಬೆಳೆದದ್ದು ಶಿವಮೊಗ್ಗದ ನವುಲೆಯಲ್ಲಿ. ಅಪ್ಪ ಅಲ್ಲಿನ ಕೃಷಿ ಕಾಲೇಜಿನ ಹೊಲಗಳಲ್ಲಿ ಆಳುಗಳ ಕೆಲಸ ನೋಡಿಕೊಳ್ಳುತ್ತಿದ್ದರು. ಶಾಲೆ ಬಿಟ್ಟ ಕೂಡಲೇ ನಾನು ಅವರ ಹಿಂದೆ ಬದುವಿನಿಂದ ಬದುವಿಗೆ ನಡೆಯುತ್ತಿದ್ದೆ. ನಡೆಯುವುದು ಒಂದು ಕೆಲಸವೆಂದು ಅನ್ನಿಸಿದ್ದೇ ಇಲ್ಲ. ಕ್ವಾರ್ಟರ್ಸಿನಲ್ಲಿ ಮಾತ್ರ ಹೆಂಗಸು ಹೊರಗೆ ಹೊರಟರೆ ಕೈಯಲ್ಲಿ ಚೀಲವೋ ತರಕಾರಿಯ ನೆಪವೋ ಇರಬೇಕಿತ್ತು.

ನನಗೆ ನೆಪ ಒದಗಿಸಿದವರು ಪಕ್ಕದ ಮನೆಯ ಅಕ್ಕ. ನಲವತ್ತೈದರ ಆಸುಪಾಸು, ಮನೆಮಾತು ತಮಿಳು. ಅವರ ಅಪ್ಪ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ಭದ್ರಾವತಿಗೆ ಬಂದವರಂತೆ. ಅಕ್ಕ ಹುಟ್ಟಿದ್ದು ಓಲ್ಡ್ ಟೌನಿನಲ್ಲಿ. ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದಾಗ ಡಾಕ್ಟರು ದಿನಾ ನಡೆಯಲು ಹೇಳಿದರು. ಒಬ್ಬರೇ ಹೋಗಲು ಅವರಿಗೆ ಸಂಕೋಚ.

"ನೀನೂ ಬಾ ಮಾ," ಎಂದು ಕಾಂಪೌಂಡಿನ ಆಚೆಯಿಂದ ಕರೆದರು. "ಹೆಂಗೂ ಮನೇಲಿ ಬೆಕ್ಕಿನ್ ಥರ ಸುತ್ತಾಡ್ತಾ ಇರ್ತೀಯ."

ಹಾಗೆ ಶುರುವಾಯಿತು. ಬೆಳಗಿನ ಐದೂವರೆಗೆ ಹೊರಟು ಭದ್ರಾ ನಾಲೆಯ ಏರಿಗೆ ಹೋಗುತ್ತಿದ್ದೆವು. ಕಾರ್ಖಾನೆಯ ಸದ್ದು ಹಿಂದೆ ಸರಿದು, ನೀರಿನ ಸದ್ದು ಪಕ್ಕಕ್ಕೆ ಬಂದು ಸೇರುತ್ತಿತ್ತು. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಕಬ್ಬು. ಚಳಿಗಾಲದಲ್ಲಿ ಕಬ್ಬಿನ ಸೂಲಂಗಿ ಹೂವಿನ ಮೇಲೆ ಮಂಜು ಕೂತಿರುತ್ತಿತ್ತು. ಅಕ್ಕ ಮಿಂಚುಳ್ಳಿ ಕಂಡರೆ ನಿಲ್ಲುವರು, ಬಟ್ಟೆ ಒಗೆಯುವ ಹೆಂಗಸರು ಕಂಡರೆ ಮಾತಿಗೆ ನಿಲ್ಲುವರು. ನಾನು ಹತ್ತು ಹೆಜ್ಜೆ ಮುಂದೆ ಹೋಗಿ, ತಿರುಗಿ ಬಂದು, ಮತ್ತೆ ಮುಂದೆ ಹೋಗುತ್ತಿದ್ದೆ. ಮುಂದಿನ ತೂಬು, ಅದರ ಮುಂದಿನ ಸೇತುವೆ, ಅದರಾಚೆಯ ಊರು, ಎಲ್ಲವೂ ನನಗೆ ಬೇಕಿದ್ದವು.

ಆರು ತಿಂಗಳಲ್ಲಿ ನನ್ನ ನೋಟ್‌ಬುಕ್ಕಿನ ತುಂಬ ದಾರಿಗಳಿದ್ದವು. ನಾಲೆಯ ಏರಿಯ ಮೇಲೆ ಲಕ್ಕವಳ್ಳಿ ಡ್ಯಾಮಿನವರೆಗೆ. ಶಿವಮೊಗ್ಗದಿಂದ ತುಂಗೆಯ ದಡದಲ್ಲಿ ಗಾಜನೂರಿಗೆ. ಬಸ್ಸಿನಲ್ಲಿ ಕೂತರೆ ಕಂಡಕ್ಟರನ್ನು ಮಧ್ಯದ ಊರುಗಳ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದೆ. ಬರೆದ ದಾರಿಯಲ್ಲಿ ಒಂದನ್ನೂ ನಡೆದಿರಲಿಲ್ಲ. ಒಂದನ್ನು ಯೋಚಿಸಿ ಮುಗಿಸುವ ಮೊದಲೇ ಇನ್ನೊಂದು ಹೊಳೆಯುತ್ತಿತ್ತು.

ಕೊನೆಗೆ ಒಂದು ದಾರಿ ಮನಸ್ಸಿನಲ್ಲಿ ನಿಂತಿತು. ಭದ್ರಾವತಿಯಿಂದ ಹೊಳೆಯ ದಡ ಹಿಡಿದು ಕೂಡಲಿಗೆ ಹೋಗುವುದು. ಅಲ್ಲಿ ಭದ್ರೆ ತುಂಗೆಯನ್ನು ಸೇರುತ್ತಾಳೆ. ರಾತ್ರಿ ಅಲ್ಲಿ ತಂಗಿ, ಮರುದಿನ ತುಂಗೆಯ ದಡದಲ್ಲಿ ಮೇಲಕ್ಕೆ ನಡೆದು ಶಿವಮೊಗ್ಗ, ಅಲ್ಲಿಂದ ನವುಲೆ, ಅಮ್ಮನ ಮನೆ. ಬಸ್ಸಿನಲ್ಲಿ ಒಂದು ಗಂಟೆಯ ತವರಿಗೆ ಎರಡು ದಿನ.

ಗಂಡ ಊಟ ಮಾಡುತ್ತಿದ್ದವರು ತಲೆ ಎತ್ತಿದರು. "ಬಸ್ಸಲ್ಲಿ ಹೋಗು, ಯಾರು ಬೇಡ ಅಂತಾರೆ? ನಡ್ಕೊಂಡು ಹೋದ್ರೆ ನಾನೇ ಹೊಡ್ದು ಓಡಿಸ್ದೆ ಅಂತಾರೆ ಜನ."

"ಪಕ್ಕದ್ಮನೆ ಅಕ್ಕಾನೂ ಬರ್ತಾರೆ."

"ಅವರನ್ನ ಯಾರು ಓಡಿಸಿದ್ರು?"

ನಾಲ್ಕು ದಿನ ಹೀಗೇ ನಡೆದು, ಐದನೆಯ ದಿನ ಅವರೇ ಒಂದು ಟಾರ್ಚ್ ತಂದಿಟ್ಟರು. ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಅಕ್ಕ ಜೀವಮಾನವೆಲ್ಲ ಹವಾಯಿ ಚಪ್ಪಲಿ ಹಾಕಿದವರು. ಅಷ್ಟು ದೂರಕ್ಕೆ ಶೂ ಬೇಕೆಂದು ಹಟ ಹಿಡಿದವಳು ನಾನು. ಓಲ್ಡ್ ಟೌನಿನ ಅಂಗಡಿಯಲ್ಲಿ ಇಬ್ಬರಿಗೂ ಶಾಲೆಯ ಹುಡುಗಿಯರು ಹಾಕುವ ಬಿಳಿ ಕ್ಯಾನ್ವಾಸ್ ಶೂ ಕೊಂಡೆವು. ಸೀರೆಯ ಕೆಳಗೆ ಅದನ್ನು ನೋಡಿ ಅಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ಇನ್ನ ಎರಡು ಜಡೆ ಹಾಕ್ಕೊಂಡು ಪ್ರೇಯರ್‌ಗೆ ನಿಲ್ಲೋದೊಂದೇ ಬಾಕಿ."

ಸಂಕ್ರಾಂತಿ ಕಳೆದ ವಾರ ಹೊರಟೆವು. ಇಬ್ಬರ ಚೀಲದಲ್ಲೂ ಚಪಾತಿ, ಚಟ್ನಿಪುಡಿ, ನೀರು, ಒಂದೊಂದು ಶಾಲು. ಗದ್ದೆಗಳ ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದಿತ್ತು. ಹೊಳೆ ಒಮ್ಮೆ ಹತ್ತಿರ ಬರುತ್ತಿತ್ತು, ಒಮ್ಮೆ ತೋಟಗಳ ಹಿಂದೆ ಮರೆಯಾಗುತ್ತಿತ್ತು. ದಾರಿ ಕೇಳಿದರೆ ಜನ ಮೊದಲು ನಮ್ಮ ಕಾಲು ನೋಡಿ, ಆಮೇಲೆ ಕೈ ತೋರಿಸುತ್ತಿದ್ದರು. ಒಂದು ಊರಿನ ನಾಯಿ ಮೈಲು ದೂರ ನಮ್ಮ ಹಿಂದೆಯೇ ಬಂತು. ಒಂದು ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದ ಮುದುಕರೊಬ್ಬರು ಕರೆದು ಕೂರಿಸಿ ಎರಡು ಲೋಟ ಕಬ್ಬಿನ ಹಾಲು ಕೊಟ್ಟರು. ಅಕ್ಕ ತಮ್ಮ ಲೋಟವನ್ನು ಮೂಗಿನ ಹತ್ತಿರ ಹಿಡಿದು, ದೀರ್ಘವಾಗಿ ವಾಸನೆ ಎಳೆದುಕೊಂಡು, ನನಗೇ ಕೊಟ್ಟುಬಿಟ್ಟರು.

ಮಧ್ಯಾಹ್ನದ ಮೇಲೆ ನಾನು ಅವರನ್ನು ಹಿಂದೆ ಬಿಟ್ಟೆ. ಬಿಡಬೇಕೆಂದು ಬಿಟ್ಟದ್ದಲ್ಲ. ಕೂಡಲಿ ಹತ್ತಿರ ಬಂದಷ್ಟೂ ಕಾಲು ತಾನಾಗಿ ಓಡುತ್ತಿತ್ತು. ತಿರುಗಿ ನೋಡಿದಾಗ ದೂರದಲ್ಲಿ ಅವರ ಹಸಿರು ಸೀರೆ ಕಾಣುತ್ತಿತ್ತು. ಕೈ ಬೀಸುತ್ತಿದ್ದೆ, ಅವರೂ ಬೀಸುತ್ತಿದ್ದರು, ನಾನು ಮತ್ತೆ ನಡೆಯುತ್ತಿದ್ದೆ. ಅವರು ಕುಂಟುತ್ತಿದ್ದಾರೆಯೇ ಎಂದು ಒಮ್ಮೆಯೂ ನೋಡಲಿಲ್ಲ.

ನಾಲ್ಕು ಗಂಟೆಗೆ ಸಂಗಮದ ಮೆಟ್ಟಿಲ ಮೇಲೆ ಕೂತಿದ್ದೆ. ಎರಡು ಹೊಳೆಗಳು ಸದ್ದಿಲ್ಲದೆ ಸೇರುತ್ತಿದ್ದವು. ಎಷ್ಟೋ ಹೊತ್ತಿನ ಮೇಲೆ ಅಕ್ಕ ಬಂದು ಪಕ್ಕದಲ್ಲಿ ಕೂತು, ನೀರಿಗೆ ಕಾಲು ಇಳಿಬಿಡೋಣ ಎಂದು ಶೂ ಬಿಚ್ಚಿದರು. ಬಲಗಾಲಿನ ಬಿಳಿ ಕಾಲುಚೀಲದ ತುದಿ ಪೂರ್ತಿ ಕೆಂಪಾಗಿತ್ತು. ಶೂ ಕೊಡವಿದರೆ ಕಡಲೆಕಾಳಿನಷ್ಟು ಕಲ್ಲು ಬಿತ್ತು. ಕಿರುಬೆರಳ ಪಕ್ಕದ ಚರ್ಮ ಸುಲಿದು ಹೋಗಿತ್ತು.

"ನೋವಾಗ್ಲಿಲ್ವ ಅಕ್ಕ?"

"ಇಲ್ಲ ಮಾ. ಏನೂ ಗೊತ್ತಾಗ್ಲೇ ಇಲ್ಲ," ಎಂದರು ಅವರು. ತಮ್ಮ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದರು.

ಆ ಕ್ಷಣ ನನಗೆ ಬಂದ ಮೊದಲ ಯೋಚನೆಯನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ನಾಳೆಯ ನಡಿಗೆ ಹೋಯಿತಲ್ಲ ಎಂದುಕೊಂಡೆ. ಅಕ್ಕನ ಕಾಲಿನ ಯೋಚನೆ ಅದರ ನಂತರ ಬಂತು.

ನನ್ನ ಸೆರಗಿನ ಅಂಚು ಹರಿದು ಅವರ ಕಾಲಿಗೆ ಕಟ್ಟಿದೆ. ಹೊಳೆಹೊನ್ನೂರಿನ ತನಕ ಟೆಂಪೊ, ಅಲ್ಲಿಂದ ಭದ್ರಾವತಿಗೆ ಬಸ್ಸು. ದಾರಿಯುದ್ದ ಅಕ್ಕ ಕಿಟಕಿಯಾಚೆ ತೋರಿಸುತ್ತ, "ಇಲ್ಲೇ ತಾನೆ ಆ ನಾಯಿ ನಮ್ಮ ಹಿಂದೆ ಬಂದಿದ್ದು?" ಎಂದು ಕೇಳುತ್ತಿದ್ದರು.

ಗಾಯ ಒಣಗಲಿಲ್ಲ. ಹದಿನೈದು ದಿನದಲ್ಲಿ ಬೆರಳು ಕಪ್ಪಾಯಿತು. ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಸೇರಿಸಿ ಕಿರುಬೆರಳು ತೆಗೆದರು. ಸಕ್ಕರೆ ಕಾಯಿಲೆಯವರಿಗೆ ಕೆಲವೊಮ್ಮೆ ಪಾದದ ಸ್ಪರ್ಶವೇ ತಿಳಿಯುವುದಿಲ್ಲ, ದಿನಾ ಕಾಲು ನೋಡಿಕೊಳ್ಳಬೇಕು ಎಂದು ಡಾಕ್ಟರು ಹೇಳಿದರಂತೆ. ಅಕ್ಕನ ಗಂಡ ನನಗೆ ಒಂದು ಮಾತೂ ಆಡಲಿಲ್ಲ. ಎದುರು ಸಿಕ್ಕರೆ ಸೈಕಲ್ಲಿನಿಂದ ಇಳಿದು ಚೈನು ಸರಿಮಾಡುವವರಂತೆ ತಲೆ ತಗ್ಗಿಸುತ್ತಿದ್ದರು. ಬೈದಿದ್ದರೆ ಹಗುರಾಗುತ್ತಿತ್ತು.

ನಾನು ನಡೆಯುವುದನ್ನು ಬಿಟ್ಟೆ. ಅಕ್ಕ ಆಸ್ಪತ್ರೆಯಿಂದ ಬಂದ ಮೇಲೂ ಅವರ ಮನೆಗೆ ಹೋಗಲಿಲ್ಲ. ಒಂದು ದಿನ ಸಾರು ಮಾಡಿ ಡಬ್ಬಿಗೆ ಹಾಕಿ, ಅವರ ಗೇಟಿನವರೆಗೆ ಹೋಗಿ ವಾಪಸ್ಸು ಬಂದೆ. ಮನೆಯೊಳಗಿನ ಓಡಾಟ ಮಾತ್ರ ಹೆಚ್ಚಾಯಿತು. "ಕೂತ್ಕೊಂಡು ಊಟ ಮಾಡು ಮಾರಾಯ್ತಿ," ಎಂದು ಗಂಡ ಗದರುವಷ್ಟು.

ಒಂದು ಬೆಳಿಗ್ಗೆ ಬಟ್ಟೆ ಹರವುತ್ತಿದ್ದಾಗ ಕಾಂಪೌಂಡಿನ ಆಚೆ ಅಕ್ಕ ನಿಂತಿದ್ದರು, ಕೈಯಲ್ಲಿ ಊರುಗೋಲು.

"ಬೆರಳು ಹೋಗಿದ್ದು ನಂದು. ನೀನ್ಯಾಕೆ ಮನೇಲಿ ಕೂತಿದೀಯ?"

ನನಗೆ ಅಳು ಬಂತು. "ನಾನು ಬಿಟ್ಟು ಹೋಗ್ಬಿಟ್ಟೆ ಅಕ್ಕ. ನೀವು ಹೆಂಗ್ ನಡೀತಿದೀರ ಅಂತ ನೋಡ್ಲೇ ಇಲ್ಲ."

"ಬಿಟ್ಟು ಹೋದೆ, ಹೌದು. ನಂಗೂ ಕೋಪ ಬಂತು," ಎಂದರು. ಆ ಮಾತನ್ನು ಮೆತ್ತಗೆ ಮಾಡಲಿಲ್ಲ. ಊರುಗೋಲನ್ನು ಕಾಂಪೌಂಡಿಗೆ ಒರಗಿಸಿ, "ನಾಳೆ ಚಾನಲ್ ಏರಿ ಮೇಲೆ ಹೋಗಿ ಬಂದು ಏನಿದೆ ಅಂತ ಹೇಳು. ನಂಗೆ ಇಲ್ಲಿ ಗೋಡೆ ನೋಡಿ ಸಾಕಾಗಿದೆ," ಎಂದರು.

ಮರುದಿನದಿಂದ ಒಬ್ಬಳೇ ಹೋದೆ. ವಾಪಸ್ಸು ಬಂದು ಅವರ ಗಾಯಕ್ಕೆ ಮುಲಾಮು ಹಚ್ಚಿ ಬಟ್ಟೆ ಕಟ್ಟುತ್ತ ಹೇಳುತ್ತಿದ್ದೆ. ಅವರಿಗೆ ನನ್ನ ವರದಿ ಸಾಲುತ್ತಿರಲಿಲ್ಲ. "ಬೆಳ್ಳಕ್ಕಿ ಇತ್ತಾ? ಎಷ್ಟು? ಒಗೆಯೋಕೆ ಯಾರ್ ಬಂದಿದ್ರು?" ಮೊದಲ ವಾರ ನನಗೆ ಒಂದಕ್ಕೂ ಉತ್ತರ ತಿಳಿದಿರಲಿಲ್ಲ. ಅವರಿಗೆ ಹೇಳಬೇಕಲ್ಲ ಎಂದು ನಿಂತು ನೋಡುವುದನ್ನು ಕಲಿತೆ. ನಿಂತಾಗಲೂ ಹಿಮ್ಮಡಿ ತುಡಿಯುತ್ತಲೇ ಇರುತ್ತಿತ್ತು.

ಮುಂದಿನ ವರ್ಷ, ಉಳಿದ ಅರ್ಧ ದಾರಿಯನ್ನು ನಾನೊಬ್ಬಳೇ ನಡೆದು ಮುಗಿಸುವ ಮಾತು ತೆಗೆದವರು ಅಕ್ಕನೇ. ನಾನು ಬೇಡವೆಂದೆ. ಅವರು ತಮ್ಮ ಗಂಡನಿಗೂ ನನ್ನ ಗಂಡನಿಗೂ ಹೇಳಿಯಾಗಿತ್ತು. ಹಿಂದಿನ ಸಂಜೆ ಅಕ್ಕನ ಗಂಡ ನಮ್ಮ ಗೇಟಿಗೆ ಬಂದು, "ಹೊಳೆ ದಡದಲ್ಲಿ ಒಬ್ಬರೇ ಹೋಗ್ಬೇಡಿ, ರಸ್ತೆ ಹಿಡ್ಕೊಂಡೇ ಹೋಗಿ," ಎಂದರು. ಒಂದು ವರ್ಷದಲ್ಲಿ ಅವರು ನನಗೆ ಆಡಿದ ಮೊದಲ ಮಾತು ಅದು.

ಬೆಳಗಿನ ಮೊದಲ ಬಸ್ಸುಗಳಲ್ಲಿ ನಾವಿಬ್ಬರೂ ಕೂಡಲಿಗೆ ಹೋದೆವು. ಸಂಗಮದಲ್ಲಿ ಮುಖ ತೊಳೆದು, ಅಕ್ಕ ನನ್ನ ಶೂಗಳನ್ನು ತಾವೇ ಕೊಡವಿ ಕೊಟ್ಟರು.

"ನೀನು ನಡಿ. ನಾನು ಬಸ್ಸಲ್ಲಿ ನಿಮ್ಮಮ್ಮನ ಮನೆಗೆ ಹೋಗಿರ್ತೀನಿ."

"ದಾರಿ ಗೊತ್ತಾ ಅಕ್ಕ?"

"ಕಾಲೇಜ್ ಸ್ಟಾಪಲ್ಲಿ ಇಳಿದ್ರೆ ಕೇಳ್ಕೊಂಡು ಹೋಗೋಕೆ ಬಾಯಿಲ್ವಾ ನಂಗೆ?"

ಆ ದಿನ ಬಿಸಿಲು ಚುರುಕಾಗಿತ್ತು. ಸಾಲುಮರಗಳ ನೆರಳಲ್ಲಿ ರಸ್ತೆ ಹಿಡಿದೇ ನಡೆದೆ. ಮೂರು ಕಡೆ ಬೇಕೆಂದೇ ಕೂತೆ. ಬೇಲಿಯ ಮೇಲೆ ಹಾರಿದ ನೀಲಿ ಹಕ್ಕಿ, ಹುಣಸೆ ಬಡಿಯುತ್ತಿದ್ದ ಹೆಂಗಸರು, ಕೆರೆಯಲ್ಲಿ ಮುಳುಗಿದ್ದ ಎಮ್ಮೆಗಳು, ಎಲ್ಲವನ್ನೂ ಅಕ್ಕನಿಗಾಗಿ ನೆನಪಿಟ್ಟುಕೊಂಡೆ. ಮೂರು ಗಂಟೆಗೆ ತುಂಗೆಯ ಸೇತುವೆ ದಾಟಿದೆ. ಪೇಟೆಯ ಗದ್ದಲ ಹಾದು ನವುಲೆ ತಲುಪಿದಾಗ ಐದಾಗಿತ್ತು.

ಅಮ್ಮನ ಮನೆಯ ಜಗುಲಿಯಲ್ಲಿ ಅಕ್ಕ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅಮ್ಮ ಎದುರು ಕೂತಿದ್ದರು. ಇಬ್ಬರೂ ಎಷ್ಟೋ ವರ್ಷದ ಗೆಳತಿಯರಂತೆ ಮಾತಾಡುತ್ತಿದ್ದರು, ಮಾತು ನನ್ನ ಬಗ್ಗೆಯೇ ಇತ್ತು.

"ಬಂದ್ಲು ನೋಡಿ," ಎಂದರು ಅಕ್ಕ. "ಕೂತ್ಕೊ, ನೀರು ಕುಡಿ. ಆಮೇಲೆ ಎಲ್ಲ ಹೇಳು, ಒಂದೂ ಬಿಡಬಾರ್ದು."

ನಾನು ಕೂತೆ. ಹೇಳತೊಡಗಿದೆ. ಹುಣಸೆ ಬಡಿಯುವವರ ತನಕ ಬರುವಷ್ಟರಲ್ಲಿ ಎದ್ದು ನಿಂತಿದ್ದೆ, ಆಗ ಅದು ನನಗೆ ಗೊತ್ತಾಗಲಿಲ್ಲ. ಉಳಿದದ್ದನ್ನು ಜಗುಲಿಯ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಹೇಳಿ ಮುಗಿಸಿದೆ.