ಕುದುರೆಯ ವಿರಾಮದ ಹೊತ್ತು

ಅದು ಆಗುವ ಹಿಂದಿನ ದಿನ ಎಲ್ಲ ದಿನಗಳ ಹಾಗೆಯೇ ಇತ್ತು. ನನ್ನ ಗಂಡ ಸಂಜೆ ಇಟ್ಟಿಗೆ ಗೂಡಿನಿಂದ ಬಂದರು, ಬಾಗಿಲಲ್ಲೇ ಕೈಕಾಲು ತೊಳೆದರು, ಅಂಗಿ ಬಿಚ್ಚಿ ಮೊಳೆಗೆ ತಗುಲಿಸಿದರು. ಆಗ ನೋಡಿದೆ. ಎರಡೂ ಹೆಗಲ ಮೇಲೆ ಅಂಗೈ ಅಗಲದ ಕೆಂಪು ಬರೆ.

“ಏನ್ರೀ ಇದು?”

“ದೊರೆಸಾನಿ ರಜಾ ಹಾಕಿದ್ಲು. ಅವಳ ಬದಲಿಗೆ ನಾನು ಹೋಗಿದ್ದೆ.”

ದೊರೆಸಾನಿ ಅಂದರೆ ಅವರು ನೋಡಿಕೊಳ್ಳುತ್ತಿದ್ದ ಹೆಣ್ಣು ಕುದುರೆ. ಗೂಡಿನ ಮಾಲೀಕರದು. ಗೂಡು ದಿಬ್ಬದ ಮೇಲಿದೆ, ಲಾರಿ ನಿಲ್ಲುವ ಜಾಗ ಕೆಳಗೆ. ಸುಟ್ಟ ಇಟ್ಟಿಗೆಯನ್ನು ಅವಳು ಗಾಡಿಯಲ್ಲಿ ಇಳಿಸುತ್ತಿದ್ದಳು, ಇವರು ಅವಳ ಮೂತಿ ಪಕ್ಕ ಲಗಾಮು ಹಿಡಿದು ಮಾತಾಡಿಕೊಂಡು ನಡೆಯುತ್ತಿದ್ದರು. ಮದುವೆಯಾದಾಗಿನಿಂದ ನನ್ನ ಜೊತೆ ಆಡಿದ ಮಾತಿಗಿಂತ ಕುದುರೆಗಳ ಜೊತೆ ಆಡಿದ್ದೇ ಹೆಚ್ಚು.

“ಹಂಗಾದ್ರೆ ಊಟಕ್ಕೆ ನಿಮಗೂ ಹುಲ್ಲೇ ಹಾಕ್ತೀನಿ,” ಅಂದೆ.

“ಹುರುಳಿನೂ ಸೇರಿಸು. ಕಷ್ಟಪಟ್ಟು ದುಡಿದಿದೀನಿ.”

ಮಗಳು ಒಳಗಿಂದ ಕೂಗಿದಳು. “ಹತ್ರ ಹೋಗ್ಬೇಡಮ್ಮ, ಒದ್ದುಬಿಟ್ಟಾರು!”

ನಕ್ಕೆವು. ಆಮೇಲೆ ಇವರು ವಿಷಯ ಹೇಳಿದರು.

ಆ ಬೇಸಿಗೆಗೆ ಹೊಸ ಕಾನೂನು ಬಂದಿತ್ತು. ಬಿಸಿಲು ನೆತ್ತಿಗೇರಿದ ಮೇಲೆ, ಅದು ಇಳಿಯುವವರೆಗೆ, ಗಾಡಿ ಎಳೆಯುವ ಪ್ರಾಣಿಗೆ ಕೆಲಸ ಕೊಡಬಾರದು. ನೆರಳಲ್ಲಿ ಕಟ್ಟಬೇಕು, ನೀರಿಡಬೇಕು. ಪ್ರಾಣಿಗಳ ಇಲಾಖೆಯ ಇನ್ಸ್‌ಪೆಕ್ಟರು ಬಂದು ಗೂಡಿನ ಗೋಡೆಗೆ ಬೋರ್ಡು ಹೊಡೆಸಿದ್ದರು. ಮಧ್ಯಾಹ್ನ ಕೆಲಸ ನಿಲುಗಡೆ ಅಂತ. ಇವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ಕಾನೂನು ತಾವೇ ಮಾಡಿದ ಹಾಗೆ ಕೇರಿಯವರಿಗೆಲ್ಲ ಹೇಳಿಕೊಂಡು ಬಂದರು.

ಆದರೆ ಲಾರಿಗಳು ಮಧ್ಯಾಹ್ನವೂ ಬರುತ್ತಿದ್ದವು. ಮಾಲೀಕರು ಸ್ವಲ್ಪ ದಿನ ಸುಮ್ಮನಿದ್ದರು. ಆಮೇಲೆ, “ಇನ್ಸ್‌ಪೆಕ್ಟರೇನು ದಿನಾ ಬರ್ತಾರಾ? ಗಾಡಿಗೆ ಕಟ್ಟೋ ಕುದುರೇನ,” ಅಂದರಂತೆ.

“ಬೇಡ ಸಾರ್, ವಯಸ್ಸಾಗಿದೆ. ಈ ಬಿಸಿಲಿಗೆ ಬಿದ್ದುಹೋಗ್ತಾಳೆ,” ಅಂದರಂತೆ ಇವರು.

“ಹಂಗಾದ್ರೆ ನೀನೇ ಎಳಿ.”

ಎಳೆದರು.

“ಅವರು ಬೈದಿದ್ದನ್ನ ನೀವು ಕೆಲಸ ಅಂದ್ಕೊಂಡ್ರಾ?” ಅಂತ ಕೇಳಿದೆ.

“ಬೆಳಿಗ್ಗೆ ಅವಳು, ಸಂಜೆ ಅವಳು. ನಡುವೆ ಒಂಚೂರು ನಾನು. ಹಿಂದೆ ಹಗ್ಗ ಹಿಡಿಯೋಕೆ ಎಡಚ ಇದಾನಲ್ಲ.”

ಎಡಚ ಅವರ ಜೊತೆ ಕೆಲಸದವನು. ಎಡಗೈ ಅಭ್ಯಾಸ, ಆ ಹೆಸರೇ ನಿಂತಿತು. ನನ್ನನ್ನು ಅತ್ತಿಗೆ ಅನ್ನುತ್ತಾನೆ.

ಹೆಗಲಿಗೆ ಎಣ್ಣೆ ಹಚ್ಚಿದೆ. ಉಂಡು ಮಲಗಿದರು. ಬೆಳಿಗ್ಗೆ ಎದ್ದು ಹೋದರು. ಅಷ್ಟೇ.

ಆ ಮಧ್ಯಾಹ್ನ ಹೇಗಾಯಿತು ಅಂತ ಎಡಚನೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹೇಳಿದ. ಇಳಿಜಾರಿನಲ್ಲಿ ಕುದುರೆ ಗಾಡಿಯನ್ನು ಎಳೆಯುವುದಿಲ್ಲ, ಹಿಂಗಾಲು ಊರಿ ತಡೆಯುತ್ತದೆ. ಮನುಷ್ಯನ ಕೈಲಿ ಅದು ಆಗದ ಕೆಲಸ. ಮನುಷ್ಯರು ಇಳಿಸುವುದಾದರೆ ಎಲ್ಲರೂ ಹಿಂದೆ ನಿಂತು ಹಗ್ಗ ಬಿಡುತ್ತ ಬರಬೇಕು, ಮುಂದೆ ಯಾರೂ ಇರಬಾರದು. ಇವರು ಜೀವಮಾನವೆಲ್ಲ ಕುದುರೆಯ ಮೂತಿ ಪಕ್ಕ ನಡೆದವರು. ಮುಂದೆ ಇಲ್ಲದೆ ಗಾಡಿ ಇಳಿಸುವುದು ಅವರಿಗೆ ಬರುತ್ತಲೇ ಇರಲಿಲ್ಲ. ಗಾಡಿಯ ಮುಂದೆ ಚಾಚಿದ, ಕುದುರೆ ಕಟ್ಟುವ ಎರಡು ಮರದ ದಂಡಗಳ ನಡುವೆ ಹೋಗಿ ನಿಂತುಬಿಟ್ಟರು.

“ಅಣ್ಣ, ಹಿಂದಕ್ಕೆ ಬಾ ಅಂದೆ ಅತ್ತಿಗೆ. ಮುಂದೆ ಯಾರೂ ಇಲ್ದಿದ್ರೆ ಗಾಡಿಗೆ ದಾರಿ ಹೇಳೋರ್ಯಾರೋ ಅಂದ.”

ಕಾಲಿನಡಿ ಇಟ್ಟಿಗೆ ಚೂರು ಸಿಕ್ಕಿ ಜಾರಿದರು. ಹಗ್ಗ ಎಡಚನ ಅಂಗೈ ಸುಲಿದುಕೊಂಡು ಹೋಯಿತು. ಗಾಡಿ ನಿಲ್ಲಲಿಲ್ಲ. ದೊರೆಸಾನಿ ನೆರಳಲ್ಲಿ ನಿಂತು ನೀರು ಕುಡಿಯುತ್ತಿದ್ದಳಂತೆ.

ಮಾಲೀಕರು ಮನೆಗೆ ಬಂದು ಕೈಮುಗಿದರು. “ಪಾಪ, ವಿರಾಮದ ಹೊತ್ತಲ್ಲಿ ಗಾಡಿ ಯಾಕೆ ಮುಟ್ಟಿದ್ನೋ,” ಅಂದರು. ಆ ಮಾತಿನ ಅರ್ಥ ನನಗೆ ಆಗ ಹತ್ತಲಿಲ್ಲ. ಕಾರ್ಮಿಕ ಇಲಾಖೆಯ ಆಫೀಸರಮ್ಮ ವಿಚಾರಣೆಗೆ ಬಂದ ದಿನ ಹತ್ತಿತು. ಕೆಲಸ ಮಾಡುತ್ತ ಸತ್ತರೆ ಮನೆಯವರಿಗೆ ಪರಿಹಾರ ಕೊಡಬೇಕು ಅಂತ ಕಾನೂನಿದೆ. ಮಾಲೀಕರು ಸೀದಾ ಗೋಡೆಯ ಬೋರ್ಡು ತೋರಿಸಿದರು. ಆ ಹೊತ್ತಿನಲ್ಲಿ ಕೆಲಸವೇ ಇರಲಿಲ್ಲ ಮೇಡಂ, ಅವನಾಗಿ ಅವನೇ ಮುಟ್ಟಿದ್ದು, ಅಂದರು. ಕುದುರೆಗೆ ಅಂತ ಹೊಡೆದ ಬೋರ್ಡು ಅದು.

ದುಡ್ಡು ಬೇಡವಾಗಿತ್ತು ಅಂತ ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ನನ್ನ ಗಂಡ ಕೆಲಸ ಮಾಡುತ್ತ ಸತ್ತ ಅಂತ ಆ ಅಮ್ಮ ಬರೆಯಬೇಕಿತ್ತು. ಹುಚ್ಚಾಟ ಆಡಿ ಸತ್ತ ಅಂತ ಅಲ್ಲ.

ಎಡಚನನ್ನು ಕರೆಸಿದರು. ಗೂಡಿನ ಆಫೀಸು ಕೋಣೆ. ಮೇಜಿನ ಆಚೆ ಆಫೀಸರಮ್ಮ, ಪಕ್ಕದಲ್ಲಿ ಮಾಲೀಕರು. ನಾನು ಹಿಂದೆ ಬೆಂಚಿನ ಮೇಲೆ.

“ಗಾಡಿ ಇಳಿಸುವಾಗ ನೀವೂ ಇದ್ರಾ?”

“ಇಲ್ಲ ಅಮ್ಮ. ಮಲಗಿದ್ದೆ. ಸದ್ದು ಕೇಳಿ ಎದ್ದೆ.”

“ಎಳಿ ಅಂತ ಯಾರಾದ್ರೂ ಹೇಳಿದ್ರಾ ಅವರಿಗೆ?”

“ಯಾರೂ ಹೇಳಿಲ್ಲ. ವಿರಾಮ ಅಲ್ವಾ.”

ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದ. ಸುತ್ತಿದ ಬಟ್ಟೆ ನನಗೆ ಕಾಣುತ್ತಿತ್ತು, ಅವರಿಗೆ ಕಾಣುತ್ತಿರಲಿಲ್ಲ. ಎದ್ದು ನಿಂತೆ.

“ಅವನ ಕೈ ನೋಡಿ ಅಮ್ಮ. ಹಗ್ಗ ಎಳೆದ ಗಾಯ ಅದು.”

ಎಡಚ ತಿರುಗಿ ನೋಡಲಿಲ್ಲ. “ಬಿಸಿ ಇಟ್ಟಿಗೆ ಮುಟ್ಟಿದ್ದೆ,” ಅಂದ. ಆಫೀಸರಮ್ಮ ಒಂದು ಗಳಿಗೆ ಅವನ ಮುಖ ನೋಡಿದರು. ಆಮೇಲೆ ಅವನು ಹೇಳಿದ್ದನ್ನೇ ಬರೆದುಕೊಂಡರು.

ಅವತ್ತು ಸಂಜೆ ಮನೆ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

“ಅತ್ತಿಗೆ, ನನ್ನ ಮಕ್ಕಳು ಸಣ್ಣವು.”

“ಗೊತ್ತು.”

“ಒಂದೆರಡು ಮಾತು ಬೈದುಬಿಡಿ ಅತ್ತಿಗೆ.”

“ಬೈದ್ರೆ ನಿನಗೆ ಹಗುರಾಗುತ್ತೆ. ಬೈಯಲ್ಲ. ಹೋಗು.”

ಹೋದ. ಕೇಸು ಅಲ್ಲಿಗೆ ಮುಗಿಯಿತು. ಕೆಲಸದ ಹೊತ್ತಲ್ಲ ಅಂತ ಆಯಿತು.

ಬೋರ್ಡು ಹೊಡೆದ ದಿನ ಇವರು ಎಷ್ಟು ಕುಣಿದರಲ್ಲ, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಕಾನೂನು ಕೆಟ್ಟದ್ದಲ್ಲ. ಕುದುರೆ ಉಳಿಯಿತು. ಮೂಕ ಪ್ರಾಣಿ, ಇರಲಿ ಬಿಡಿ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆ ಬೋರ್ಡಿನ ಕೆಳಗೆ ಮನುಷ್ಯನ ಹೆಸರಲ್ಲಿ ಇನ್ನೊಂದು ಸಾಲು ಬರೆಯಲು ಯಾರಿಗೂ ತೋಚಲಿಲ್ಲವಲ್ಲ, ಅದೊಂದು ಕೊರಗು. ಇವರಿಗೂ ತೋಚಿರಲಿಲ್ಲ. ತೋಚಿದ್ದರೆ ಬರೆಸಿ ಅಂತ ಕೇಳುತ್ತಿದ್ದರೋ ಏನೋ.

ಬೇರೆ ಕಡೆ ಕೆಲಸ ಸಿಗಲಿಲ್ಲ. ಈಗ ಅದೇ ಗೂಡಿನಲ್ಲಿ ಹಸಿ ಇಟ್ಟಿಗೆ ಜೋಡಿಸುತ್ತೇನೆ. ಮಧ್ಯಾಹ್ನ ಗಾಡಿ ಈಗಲೂ ಇಳಿಯುತ್ತದೆ, ಎಡಚ ಮತ್ತು ಇನ್ನೊಬ್ಬ ಇಳಿಸುತ್ತಾರೆ. ಇಬ್ಬರೂ ಹಿಂದೆ ನಿಲ್ಲುತ್ತಾರೆ. ಅಷ್ಟು ಕಲಿತಿದ್ದಾರೆ. ಎಡಚನಿಗೂ ನನಗೂ ಮಾತಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗುತ್ತೇನೆ. ಉದ್ದ ಹಿಡಿಯ ಪೊರಕೆ ತೆಗೆದುಕೊಂಡು ಇಳಿಜಾರನ್ನು ಮೇಲಿನಿಂದ ಕೆಳಗಿನವರೆಗೆ ಗುಡಿಸುತ್ತೇನೆ. ಸಂಬಳದ ಕೆಲಸವಲ್ಲ. ದಿನಾ ಒಂದು ಬುಟ್ಟಿ ಇಟ್ಟಿಗೆ ಚೂರು ಸಿಗುತ್ತದೆ, ಸಣ್ಣವು ಗಾಲಿಯ ಜಾಡಿನಲ್ಲಿ ಹೂತಿರುತ್ತವೆ. ಅವನ್ನು ಕೂತು ಉಗುರಿನಿಂದ ಕೀಳಬೇಕು.